ಬಲಗಡೆಯವರ ಬೆಂಜೋ

ಯಾದಗಿರಿಯಲ್ಲಿ ನಾನು ಬಾಡಿಗೆಗಿರುವ ಕೋಣೆಯ ಕೆಳಗೆ ಒಂದು ಸೈಕಲ್ ರಿಪೇರಿ ಅಂಗಡಿಯಿದೆ. ಅಂಗಡಿಯವನು ಗಾಲಿಯ ಡೊಂಕು ತೆಗೆಯುವಾಗ ಕಡ್ಡಿಗಳನ್ನು ಒಂದೊಂದಾಗಿ ಬಿಗಿದು, ಉಗುರಿನಿಂದ ಮೀಟಿ, ತಲೆ ವಾರೆ ಮಾಡಿ ಕೇಳುತ್ತಾನೆ. ಟಿಣ್. ಇನ್ನಷ್ಟು ಬಿಗಿಯುತ್ತಾನೆ. ಟಿಣ್. ಸುಟ್ಟ ರಬ್ಬರು, ಹಳೆ ಗ್ರೀಸಿನ ವಾಸನೆಯ ಜತೆ ಆ ಸಪ್ಪಳ ಮೆಟ್ಟಿಲು ಹತ್ತಿ ನನ್ನ ಕಿಟಕಿಗೆ ಬರುತ್ತದೆ. ಬೇರೆಯವರಿಗೆ ಇಂಥ ಸಪ್ಪಳ ಕೇಳಿದರೆ ಬಾಲ್ಯ ನೆನಪಾಗಿ ಕಣ್ಣು ತೇವವಾಗುತ್ತದಂತೆ. ನನಗೆ ಮೊದಲು ತಲೆ ಕೆಡುತ್ತದೆ. "ಸಾಕು ಬಿಡೋ ಯಪ್ಪಾ, ಇನ್ನ ಬಾರಿಸು" ಎಂದು ಕಿಟಕಿಯಿಂದ ಕೂಗಬೇಕೆನಿಸುತ್ತದೆ. ಪಾಪ, ಅವನೇನು ಬಾರಿಸುವವನಲ್ಲ. ಆ ಕೂಗು ಸೇರಬೇಕಾಗಿದ್ದ ಜನ ಸುರಪುರದ ಒಂದು ಪಡಸಾಲಿಯಲ್ಲಿ, ಕೆಂಪು ಜಮಖಾನಿಯ ಮೇಲೆ, ನನ್ನ ಇಡೀ ಬಾಲ್ಯ ಕುಳಿತಿದ್ದರು. ಒಂದು ಗುರುವಾರವಾದರೂ ಹೊತ್ತಿಗೆ ಸರಿಯಾಗಿ ಬಾರಿಸಲು ಶುರು ಮಾಡಲಿಲ್ಲ.

ನನ್ನ ಮುಖ ನಿಮಗೆ ಗೊತ್ತಿರಲಿಕ್ಕಿಲ್ಲ, ಧ್ವನಿ ಗೊತ್ತು. ಆಟೋದ ತಲೆಯ ಮೇಲೆ ಕಟ್ಟಿದ ಮೈಕಿನಲ್ಲಿ "ಬರ್ರಿ ಅಕ್ಕಾ, ಬರ್ರಿ ಅಣ್ಣಾ, ಸೀರಿ ಸೇಲ್ ಹತ್ತ್ಯಾದ" ಎಂದು ನಿಮ್ಮ ಮಧ್ಯಾಹ್ನದ ನಿದ್ದೆ ಕೆಡಿಸುವವನು ನಾನೇ. ಸಾಹೇಬರ ಧ್ವನಿ ಬೇಕೆಂದರೆ ಸಾಹೇಬರದು, ಮುದುಕಿಯ ಧ್ವನಿ ಬೇಕೆಂದರೆ ಮುದುಕಿಯದು, ಕೊಡುತ್ತೇನೆ. ನನ್ನ ಸ್ವಂತ ಧ್ವನಿಯನ್ನು ಮಾತ್ರ ಇವತ್ತಿನ ತನಕ ಯಾರೂ ಕೇಳಿಲ್ಲ, ಕೇಳಿದರೆ ಕೊಡಲು ನನ್ನ ಹತ್ತಿರ ಇದೆಯೋ ಇಲ್ಲವೋ ಅನುಮಾನ. ಈ ಚಟ ಹತ್ತಿದ್ದು ಅದೇ ಪಡಸಾಲಿಯಲ್ಲಿ. ಬಾರಿಸಲು ಶುರು ಮಾಡದ ನಾಲ್ಕು ಜನರ ನಡುವೆ ಒಬ್ಬ ಹುಡುಗ ಬೇರೇನು ಮಾಡಬೇಕು ಹೇಳ್ರಿ? ಅವರ ನಕಲು ಮಾಡುತ್ತ ಬೆಳೆದೆ.

ಅವ್ವ, ಅಪ್ಪ ದೇವಾಪುರದಲ್ಲಿ ಹೊಲ ನೋಡಿಕೊಂಡಿದ್ದರು. ಸಾಲಿಗೆ ಅನುಕೂಲವೆಂದು ನನ್ನನ್ನು ಸುರಪುರದಲ್ಲಿ ಅವ್ವನ ಅಣ್ಣ ದೇವಿಂದ್ರ ಮಾಮಾನ ಮನೆಯಲ್ಲಿ ಬಿಟ್ಟರು. ಮಾಮಾ ಮತ್ತು ನೀಲಮ್ಮತ್ತಿಗೆ ಮಕ್ಕಳಿರಲಿಲ್ಲ. ಯಾರಾದರೂ ಆ ಬಗ್ಗೆ ಮರುಗಿದರೆ ಅತ್ತಿ ನನ್ನ ಕಡೆ ಬೆರಳು ತೋರಿಸಿ, "ಇದೊಂದ ಸಾಕಾಗ್ಯಾದ ತಾಯಿ" ಎನ್ನುತ್ತಿದ್ದಳು. ಗುಡ್ಡದ ಬುಡದ ಕಲ್ಲಿನ ಮನೆ. ಒಳಗೆ ಕಾಲಿಟ್ಟರೆ ಮೊದಲು ಕಟ್ಟಿಗೆ ಹೊಟ್ಟಿನ ಒಣ ವಾಸನೆ, ಅದರ ಹಿಂದೆ ಅರಗಿನ ಪಾಲಿಶಿನ ಘಾಟು, ಅದರ ಹಿಂದೆ ಅಡುಗೆಮನೆಯಿಂದ ಪುಂಡಿಪಲ್ಯದ ಹುಳಿ. ಈಗ ಆ ಮನೆ ಗೊಬ್ಬರದ ಗೋದಾಮು. ಹೋದ ವರ್ಷ ಮುಂದಿನಿಂದ ಹಾದು ಹೋದಾಗ ಉಸಿರೆಳೆದು ನೋಡಿದೆ. ಯೂರಿಯಾ.

ಮಾಮಾ ಬೆಂಜೋ ಮಾಡುತ್ತಿದ್ದ. ಭಜನೆಯಲ್ಲಿ, ಕವಾಲಿಯಲ್ಲಿ ನೀವು ನೋಡಿರುತ್ತೀರಿ: ಮೊಳದುದ್ದದ ಮರದ ಪೆಟ್ಟಿಗೆ, ಮೇಲೆ ತಂತಿಗಳು, ತಂತಿಗಳ ಮೇಲೆ ಟೈಪ್‌ರೈಟರಿನ ಗುಂಡಿಗಳಂಥ ಒಂದು ಸಾಲು. ಎಡಗೈಯಿಂದ ಗುಂಡಿ ಒತ್ತಬೇಕು, ಬಲಗೈಯಿಂದ ಮೀಟಬೇಕು. ನಡುವಿನ ತಂತಿಗಳು ಹಾಡುತ್ತವೆ, ಅಂಚಿನ ತಂತಿಗಳು ಹಿಂದೆ ಒಂದೇ ಸಮನೆ ಗುಂಯ್‌ಗುಡುತ್ತವೆ. ಕೆಲವರು ಇದಕ್ಕೆ ಬುಲ್‌ಬುಲ್ ತರಂಗ ಅನ್ನುತ್ತಾರೆ. ನಮ್ಮ ಕಡೆ ಅಷ್ಟು ನಾಜೂಕು ಇಲ್ಲ, ಬೆಂಜೋ. ಮಾಮಾನ ಬೆಂಜೋದ ಮೇಲೆ ಟೈಪ್‌ರೈಟರಿನಂಥ ಗುಂಡಿಗಳಲ್ಲ, ಟೈಪ್‌ರೈಟರಿನವೇ ಗುಂಡಿಗಳಿದ್ದವು. ಭೀಮರಾಯನಗುಡಿಯ ಕಚೇರಿಗಳಿಗೆ ಕಂಪ್ಯೂಟರ್ ಬಂದಾಗ ಗುಜರಿಗೆ ಬಿದ್ದ ಯಂತ್ರಗಳಿಂದ ಕಿತ್ತು ತಂದಿದ್ದವು. ಯಾವ ಅಕ್ಷರ ಕೈಗೆ ಬಂತೋ ಅದನ್ನು ಕೂಡಿಸುತ್ತಿದ್ದ. ಒಂದು ಬೆಂಜೋದಲ್ಲಿ ಸ ಇರಬೇಕಾದಲ್ಲಿ ಠ, ಇನ್ನೊಂದರಲ್ಲಿ ಅದೇ ಜಾಗದಲ್ಲಿ ಪೂರ್ಣವಿರಾಮ.

ಗುರುವಾರ ಮಧ್ಯಾಹ್ನ ಮೂವರು ಗೆಳೆಯರು ಬರುತ್ತಿದ್ದರು. ಶಹಾಪುರದ ಚಾಂದಪಾಶಾ ಚಾಚಾ ಬಳೆ ವ್ಯಾಪಾರಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ತಾನೂ ಬೆಂಜೋ ಮಾಡುತ್ತಿದ್ದ. ಗಾಜಿನ ಬಳೆ ತೊಡಿಸಿ ತೊಡಿಸಿ ಅವನ ಬೆರಳು ಎಷ್ಟು ಮೆತ್ತಗಾಗಿದ್ದವೆಂದರೆ ಮೀಟಿದರೂ ತಂತಿಗೆ ಕ್ಷಮೆ ಕೇಳಿದಂತೆ ಕಾಣುತ್ತಿತ್ತು. ರಾಮಸಮುದ್ರದ ನಿಂಗಣ್ಣ ತೊಗರಿ ಬೆಳೆಯುವವ, ಹೆಬ್ಬೆರಳು ಕೊಡಲಿ ಹಿಡಿಕೆಯಷ್ಟು, ವಾರಕ್ಕೊಂದು ತಂತಿ ಹರಿಯುತ್ತಿದ್ದ. ಯಾರು ಏನು ಹೇಳಿದರೂ "ಆಗಲ್ರಿ" ಅನ್ನುವುದು ಅವನ ಪೂರ್ತಿ ಶಬ್ದಭಂಡಾರ. ಮೂರನೆಯವರು ಭೀಮರಾಯನಗುಡಿಯ ಕಚೇರಿಯಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದ ವಸಂತರಾಯರು. ಮಾಮಾನಿಗೆ ಗುಂಡಿ ತಂದುಕೊಟ್ಟವರು ಅವರೇ. ಭಜನೆಯ ಪದವನ್ನು ಅವರು ತುರ್ತು ಪತ್ರದ ವೇಗದಲ್ಲಿ ಬಾರಿಸುತ್ತಿದ್ದರು, ಮತ್ತು ಒಂದೊಂದು ಸಾಲು ಮುಗಿದಾಗಲೂ ಅವರ ಎಡಗೈ ತಾನಾಗಿ ಎದ್ದು, ಟೈಪ್‌ರೈಟರಿನ ಇಲ್ಲದ ಹಿಡಿಕೆಯನ್ನು ಪಕ್ಕಕ್ಕೆ ದೂಡಿ ಬರುತ್ತಿತ್ತು. ನಾನು ಅದನ್ನು ಸಾಲಿಯಲ್ಲಿ ಮಾಡಿ ತೋರಿಸಿ ಪ್ರಸಿದ್ಧನಾದೆ.

ಇವರ ಸ್ನೇಹ ಎಂಥದೆಂದರೆ, ಅದನ್ನು ಸಹಿಸಲು ಮನುಷ್ಯನಿಗೆ ಬೇರೆ ಕೆಲಸ ಇರಬಾರದು. ಯಾರಾದರೂ ಹೊಸ ಬೆಂಜೋ ಬೇಕೆಂದು ಸುರಪುರಕ್ಕೆ ಬಂದರೆ ಮಾಮಾ ಅವರಿಗೆ ನೀರು, ಚಹಾ, ರೊಟ್ಟಿ ಕೊಟ್ಟು, "ನಂದೇನ್ರಿ, ಕಟಿಗಿ ಕೆಲಸ. ಸೂರ ಬೇಕಂದ್ರ ಶಹಾಪುರದ ಚಾಂದಪಾಶಾನ ಕಡಿ ಹೋಗ್ರಿ" ಎಂದು ಕಳಿಸುತ್ತಿದ್ದ. ಅವರು ಶಹಾಪುರಕ್ಕೆ ಹೋದರೆ ಚಾಚಾ ಕಿವಿ ಹಿಡಿದುಕೊಂಡು, "ತೋಬಾ ತೋಬಾ, ಸುರಪುರದಾಗ ದೇವಿಂದ್ರ ಇರೂತನ ನಾ ಹ್ಯಾಂಗ ಕೊಡ್ಲಿ ಭಾಯ್" ಎಂದು ವಾಪಸು ಬಸ್ಸು ಹತ್ತಿಸುತ್ತಿದ್ದ. ದೋರನಹಳ್ಳಿಯ ಒಬ್ಬ ಹೀಗೆ ಅತ್ತ ಇತ್ತ ತಿರುಗಿ ತಿರುಗಿ ಕೊನೆಗೆ ಬೇಸತ್ತು ಹೈದರಾಬಾದಿನಿಂದ ಕೀಬೋರ್ಡ್ ತಂದುಕೊಂಡ. ಇಬ್ಬರೂ ಕೂಡಿ ಅವನ ಮನೆಗೆ ಹೋಗಿ ಅದನ್ನು ನೋಡಿ ಹೊಗಳಿ ಬಂದರು.

ಇಷ್ಟಾದರೆ ನಡೆದೀತು. ಇವರಿಗೆ ಇನ್ನೊಂದು ರೂಢಿ ಇತ್ತು. ತಂತಿಗಳನ್ನು ಒಂದಕ್ಕೊಂದು ಹೊಂದಿಸುವುದಕ್ಕೆ ಅವರು ಸೂರ ಕೂಡಿಸುವುದು ಎನ್ನುತ್ತಿದ್ದರು. ತನ್ನ ಬೆಂಜೋದ ಸೂರ ತಾನು ಕೂಡಿಸಿಕೊಳ್ಳುವಂತಿಲ್ಲ. ತನ್ನದು ತನ್ನ ಕಿವಿಗೆ ಯಾವಾಗಲೂ ಸರಿಯಾಗೇ ಕೇಳುತ್ತದೆ, ಅದಕ್ಕೇ ಇನ್ನೊಬ್ಬ ಕೂಡಿಸಬೇಕು ಎಂದು. ಚಾಚಾ ಇದನ್ನು ತನ್ನ ಉಸ್ತಾದನಿಂದ ಬಂದದ್ದು ಅನ್ನುತ್ತಿದ್ದ, ಮಾಮಾ ಭಜನೆಯ ಹಿರಿಯರದು ಅನ್ನುತ್ತಿದ್ದ, ಆಮೇಲೆ ಇಬ್ಬರೂ ಅದರ ಶ್ರೇಯಸ್ಸನ್ನು ಪರಸ್ಪರರ ಹಿರಿಯರಿಗೆ ಬಿಟ್ಟುಕೊಡಲು ಜಗಳಾಡುತ್ತಿದ್ದರು. ನಾಲ್ವರೂ ದುಂಡಗೆ ಕುಳಿತು, ತನ್ನ ಬಲಗಡೆಯವನ ಬೆಂಜೋ ತೊಡೆಯ ಮೇಲೆ ತಗೊಂಡು ಕೂಡಿಸಬೇಕು. ಎಲ್ಲರೂ ಒಮ್ಮೆಲೆ ಮಾಡಿದರೆ ಗದ್ದಲ, ಆದ್ದರಿಂದ ಒಬ್ಬರಾದ ಮೇಲೆ ಒಬ್ಬರು. ಮನೆಯ ಯಜಮಾನನೆಂದು ಮೊದಲು ಮಾಮಾ ಚಾಚಾನದು ಕೂಡಿಸುವನು. ಅದಕ್ಕೆ ಹೊಂದುವಂತೆ ಚಾಚಾ ನಿಂಗಣ್ಣನದು, ನಿಂಗಣ್ಣ ವಸಂತರಾಯರದು, ಕೊನೆಗೆ ವಸಂತರಾಯರು ಮಾಮಾನದು. ನಡುವೆ ಚಹಾ. "ನೀ ಮೊದ್ಲ ಕುಡಿ ಮಿಯಾ." "ಏ ಇಲ್ಲಪಾ, ನೀ ದೂರಿಂದ ಬಂದಿ, ನೀ ಕುಡಿ." ಚಹಾ ಆರಿ, ಕೆನೆಗಟ್ಟಿ, ನೊಣ ಬಿದ್ದು, ಅತ್ತಿ ಬೇರೆ ಮಾಡಿ ತರುವಳು. ಅಷ್ಟರಲ್ಲಿ ಮೊದಲು ಕೂಡಿಸಿದ್ದರ ತಂತಿ ಸಡಿಲಾಗಿರುವುದು. ಬಿಸಿಲು ಅಂಗಳದಿಂದ ಗೋಡೆ ಹತ್ತುವವರೆಗೆ ಟಿಣ್, ಟಿಣ್. ಬಾರಿಸುವುದು ಎರಡು ಪದ, ಆಮೇಲೆ ಬಸ್ಸಿನ ಹೊತ್ತು.

ಮಾಮಾನ ಕಿವಿ ಹೋಗುತ್ತಿದೆ ಎಂದು ಮೊದಲು ಗೊತ್ತಾದದ್ದು ನನಗೆ, ಅದೂ ನನ್ನ ಚೇಷ್ಟೆಯಿಂದ. ಮಾಮಾ ಮಾತಾಡುವ ಮುಂಚೆ ಹಳೆ ಪಂಪ್‌ಸೆಟ್ಟಿನಂತೆ ಗಂಟಲು ಚಾಲು ಮಾಡುತ್ತಿದ್ದ. ಹ್ರೂಂ, ಹ್ರೂಂ, "ನೋಡಪಾ ತಮ್ಮಾ." ನಾನು ಅವನ ಬೆನ್ನ ಹಿಂದೆ ನಿಂತು ಅದನ್ನೇ ಮಾಡಿದರೆ ತಿರುಗಿ ನೋಡದೆಯೇ ಉಸುಕಿನ ಕಾಗದ ಸುತ್ತಿದ ಕಟ್ಟಿಗೆ ತುಂಡು ಎಸೆಯುತ್ತಿದ್ದ, ಗುರಿ ತಪ್ಪುತ್ತಿರಲಿಲ್ಲ. ಒಂದು ಬೇಸಗೆ ತುಂಡು ಬರಲಿಲ್ಲ. ನನ್ನ ನಕಲು ಅಷ್ಟು ಸುಧಾರಿಸಿದೆ, ತಾನೇ ಕೆಮ್ಮಿದೆನೆಂದು ಮಾಮಾ ತಿಳಿದಿದ್ದಾನೆ ಎಂದು ಒಂದು ವಾರ ಎದೆ ಉಬ್ಬಿಸಿಕೊಂಡು ತಿರುಗಿದೆ. ಆಮೇಲೆ ಅತ್ತಿಯನ್ನು ಗಮನಿಸಿದೆ. ಅವಳು ಮಾಮಾನನ್ನು ಹಿಂದಿನಿಂದ ಕರೆಯುವುದನ್ನೇ ಬಿಟ್ಟಿದ್ದಳು. ಸುತ್ತು ಹಾಕಿ ಮುಂದೆ ಬಂದು, ಮುಖ ತೋರಿಸಿ, ಆಮೇಲೆ ಮಾತಾಡುತ್ತಿದ್ದಳು. ಮಾಮಾನ ಪ್ರಕಾರ ದೋಷ ಊರಿನದು. "ಮಂದಿ ಈಗೀಗ ಭಾಳ ಸಣ್ಣಗ ಮಾತಾಡ್ತಾರ, ಗಂಟಲಾಗ ದಮ್ಮ ಇಲ್ಲ" ಎನ್ನುತ್ತಿದ್ದ.

ನಾನು ಅತ್ತಿಗೆ ಹೇಳಿದೆ, ಡಾಕ್ಟರಿಗೆ ತೋರಿಸೋಣ, ಮಿಷನ್ ಸಿಗುತ್ತದೆ. ಅತ್ತಿ ಹಿಟ್ಟು ನಾದುವುದು ನಿಲ್ಲಿಸಲಿಲ್ಲ. "ಹೇಳಿ ನೋಡೀನಿ. ಕಿವ್ಯಾಗ ಗುಂಡಿ ಇಟಗೊಂಡವ ಮಾಡಿದ ಬೆಂಜೋ ಯಾವ ಮಗ ತೊಗೊಂತಾನ ಅಂದ. ಅವಗ ಕಿವಿ ಹೋಗ್ಯಾದ ಅಂತ ಖಾತ್ರಿ ಆತಂದ್ರ ಉಳಿ ಕೆಳಗ ಇಡ್ತಾನ. ಉಳಿ ಇಟ್ಟನಂದ್ರ ಮುಂಜಾನಿ ಎದ್ದು ಏನ್ ಮಾಡ್ಲಿ ಅಂತ ನನ್ನ ಮಾರಿ ನೋಡ್ತಾನ. ನೀ ಬಾಯಿ ಬಿಡಬ್ಯಾಡ." ಎಲ್ಲರ ಧ್ವನಿ ತೆಗೆಯುವ ನನ್ನ ಬಾಯಿಗೆ ಕೊಟ್ಟ ಶಿಕ್ಷೆ ನೋಡ್ರಿ.

ನಾನು ಬಾಯಿ ಬಿಡಲಿಲ್ಲ. ಬಿಡಬೇಕಾದವರು ಮೂವರಿದ್ದರಲ್ಲ, ಅವರಾದರೂ ಬಿಟ್ಟರೆ? ಮಾಮಾ ಕಣ್ಣು ಮುಚ್ಚಿ, ಚಾಚಾನ ಬೆಂಜೋಕ್ಕೆ ಕಿವಿ ಹಚ್ಚಿ, ಕಿವಿಗಿಂತ ಹೆಚ್ಚಾಗಿ ಗದ್ದಕ್ಕೆ ಬರುವ ನಡುಕದಿಂದ ಅಂದಾಜು ಮಾಡಿ ಕೂಡಿಸುತ್ತಿದ್ದ. ಹಾಡುವ ತಂತಿ ಒಂದು ಕಡೆ, ಗುಂಯ್‌ಗುಡುವ ತಂತಿ ಇನ್ನೊಂದು ಕಡೆ, ಎರಡರ ನಡುವೆ ಒಂದು ಬೆಕ್ಕು ಸಿಕ್ಕಿಕೊಂಡಂತೆ ಕೇಳುತ್ತಿತ್ತು. ಚಾಚಾ ಅದನ್ನು ಎರಡೂ ಕೈಯಿಂದ ತಗೊಂಡು ಹಣೆಗೆ ಮುಟ್ಟಿಸುತ್ತಿದ್ದ. ಅವನ ಕಿವಿಗೆ ಏನೂ ಆಗಿರಲಿಲ್ಲ. ಬಳೆಯ ರಾಶಿಯಲ್ಲಿ ಒಂದು ಬಿರುಕು ಬಿಟ್ಟದ್ದನ್ನು ಸದ್ದಿನಿಂದಲೇ ಹೆಕ್ಕುವ ಕಿವಿ ಅದು. ಇಷ್ಟಕ್ಕೇ ನಿಲ್ಲಿಸಿದನೇ? ತನ್ನದು ಹೀಗಿರುವಾಗ ನಿಂಗಣ್ಣನದು ಸರಿಯಾಗಿದ್ದರೆ ಕೂಡಿ ಬಾರಿಸುವಾಗ ಮಾಮಾನ ತಪ್ಪು ಬಯಲಾದೀತೆಂದು, ನಿಂಗಣ್ಣನದನ್ನೂ ಥೇಟ್ ಅದೇ ರೀತಿ ಕೆಡಿಸಿದ. ನಿಂಗಣ್ಣ ಕೇಳಿದ, ಚಾಚಾನ ಮುಖ ನೋಡಿದ, ಮಾಮಾನ ಮುಖ ನೋಡಿದ, "ಆಗಲ್ರಿ" ಎಂದು ವಸಂತರಾಯರದನ್ನು ಕೆಡಿಸಿದ. ವಸಂತರಾಯರು ಸರಕಾರಿ ನೌಕರರು, ಮೂಲಪ್ರತಿಯಲ್ಲಿ ಇದ್ದದ್ದನ್ನು ಇದ್ದಂತೆ ಟೈಪು ಮಾಡುವುದೇ ಜೀವನವಾಗಿದ್ದವರು. ಮಾಮಾನ ಬೆಂಜೋವನ್ನು ಚೂರೂ ಫರಕು ಬಾರದಂತೆ ಅದೇ ಅಪಸ್ವರಕ್ಕೆ ತಂದು ನಿಲ್ಲಿಸಿದರು.

ಹೀಗೆ ತಪ್ಪು ದುಂಡಗೆ ಸುತ್ತಿ ಮಾಮಾನ ತೊಡೆಗೇ ಬರುತ್ತಿತ್ತು. ನಾಲ್ಕೂ ಬೆಂಜೋ ಒಂದಕ್ಕೊಂದು ಹೊಂದಿವೆ, ಜಗತ್ತಿನಲ್ಲಿ ಬೇರೆ ಯಾವುದಕ್ಕೂ ಹೊಂದುವುದಿಲ್ಲ. ಮಾಮಾ ಒಮ್ಮೆ ಮೀಟಿ, ಎಲ್ಲರ ಮುಖ ನೋಡಿ, "ಈಗ ಕೂಡ್ತು ನೋಡ್ರಿ" ಅನ್ನುವನು. ಮೂವರೂ ತಲೆಯಾಡಿಸುವರು. ಸರಿಯಾಗಿ ಕೂಡಿಸುವುದು ಸುಲಭ, ಯಾವ ಹುಡುಗನೂ ಕಲಿತಾನು. ಇನ್ನೊಬ್ಬನ ತಪ್ಪನ್ನು ಕೂದಲೆಳೆ ತಪ್ಪದಂತೆ ನಕಲು ಮಾಡಲು ಎಂಥ ಕಿವಿ ಬೇಕು, ಯೋಚಿಸ್ರಿ. ನಕಲಿಯಲ್ಲಿ ಊರಿಗೇ ನಾನೊಬ್ಬ ಎಂದು ಮೆರೆಯುತ್ತಿದ್ದವನಿಗೆ ನಮ್ಮ ಪಡಸಾಲಿಯಲ್ಲೇ ಮೂವರು ಸಿಕ್ಕರು. ಅವರು ಬಾರಿಸುವಾಗ ನಾನು ತಲೆದಿಂಬು ಕಿವಿಗೊತ್ತಿಕೊಂಡು ಒಳಕೋಣೆಯಲ್ಲಿ ಮಲಗುತ್ತಿದ್ದೆ. ಪಕ್ಕದ ಮನೆಯವರು ಎಮ್ಮೆ ಕಟ್ಟುವ ಜಾಗ ಬದಲಿಸಿದರು.

ಒಂದು ಉಪಾಯ ಹೂಡಿದೆ. ನಾನೂ ಬಾರಿಸಲು ಕಲಿಯುತ್ತೇನೆ, ಮಾಮಾ ಮತ್ತು ಚಾಚಾನ ನಡುವೆ ಕುಳಿತುಕೊಳ್ಳುತ್ತೇನೆ. ಮಾಮಾ ನನ್ನ ಬೆಂಜೋ ಬೇಕಾದಷ್ಟು ಕೆಡಿಸಲಿ, ನಾನು ಚಾಚಾನದನ್ನು ಸರಿ ಮಾಡುತ್ತೇನೆ, ಅಲ್ಲಿಂದ ಮುಂದೆ ಎಲ್ಲ ಸರಿ. ಬಸ್‌ಸ್ಟ್ಯಾಂಡಿಗೆ ಕಳಿಸಲು ಹೋದಾಗ ಚಾಚಾನಿಗೆ ಹೇಳಿದೆ. ಅವನು ಬೆಂಜೋದ ಚೀಲವನ್ನು ಮಗುವಿನಂತೆ ಹೆಗಲಿಗೆ ಹಾಕಿಕೊಂಡು ನಿಂತಿದ್ದ. "ನಾ ಹುಡುಗ ಇದ್ದಾಗಿಂದ ನನ್ನ ಬೆಂಜೋ ಅವನ ತೊಡಿ ಮ್ಯಾಗ ಹೋಗ್ತದ ಬೇಟಾ. ಇನ್ನ ಮ್ಯಾಲ ನಿನಗ ಕೊಡಾಂಗಿಲ್ಲ ಅಂತ ಅವಗ ಯಾವ ಬಾಯಲೆ ಹೇಳ್ಲಿ?" ನಾನು ಹಲ್ಲು ಕಡಿದೆ. "ಹಂಗಂತ ಹಿಂಗ ಬಾರಿಸ್ತಿರೇನು ಸಾಯೂತನ?" ಚಾಚಾ ಬಸ್ಸಿನ ಬೋರ್ಡು ಓದುವವನಂತೆ ಅತ್ತ ನೋಡಿ, "ಬಾರಿಸ್ತೀವಿ, ಏನಾಗ್ತದ" ಅಂದ.

ಏನಾಗುತ್ತದೆ ಎಂದು ಶಹಾಪುರದಲ್ಲಿ ಗೊತ್ತಾಯಿತು. ಚಾಚಾನ ಅಂಗಡಿಯ ಹತ್ತಿರದ ಒಬ್ಬ ಕಾಳಿನ ವ್ಯಾಪಾರಿ ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶದ ಮಧ್ಯಾಹ್ನ ಭಜನೆಗೆ ನಮ್ಮ ಬೆಂಜೋದವರನ್ನೂ, ಹಾಡಲು ಯಾದಗಿರಿಯಿಂದ ಒಬ್ಬ ಪೇಟಿ ಮಾಸ್ತರರನ್ನೂ ಕರೆಸಿದ್ದ. ಪೇಟಿ ಅಂದರೆ ಹಾರ್ಮೋನಿಯಂ. ಅದರಲ್ಲಿ ಸ್ವರ ಗಟ್ಟಿಯಾಗಿ ಕೂತಿರುತ್ತದೆ, ಸ್ನೇಹಕ್ಕಾಗಿ ಅತ್ತಿತ್ತ ಸರಿಯುವುದಿಲ್ಲ. ಹೊಸ ಸುಣ್ಣದ ವಾಸನೆ, ಸಜ್ಜಕದ ವಾಸನೆ, ನೆಲ ಇನ್ನೂ ತಂಪು. ನಾನು ಹುಡುಗರನ್ನು ಗುಂಪು ಕಟ್ಟಿಕೊಂಡು ಬಾಯಿಂದಲೇ ಪೇಟಿ ನುಡಿಸಿ ತೋರಿಸುತ್ತಿದ್ದೆ. ಒಳಗೆ ಬೆಂಜೋಗಳು ರೂಢಿಯಂತೆ ಸುತ್ತು ತಿರುಗಿ ಕೂಡಿದವು. ಮಾಸ್ತರರು ತಿದಿ ಒತ್ತಿ ಸ್ವರ ಹಿಡಿದರು, ಇವರು ನಾಲ್ವರೂ ಮೀಟಿದರು. ಹಾಲಿನ ಗಡಿಗೆಗೆ ಹುಣಸೆಹಣ್ಣು ಬಿದ್ದಂತಾಯಿತು. ಮಾಸ್ತರರು ನಿಲ್ಲಿಸಿದರು. ಮತ್ತೆ ಶುರು ಮಾಡಿದರು, ಮತ್ತೆ ನಿಲ್ಲಿಸಿದರು.

"ಯಾರ್ರೀ ಇದರ ಸೂರ ಕೂಡಿಸಿದವರು?"

ಮಾಮಾನಿಗೆ ಕೇಳಿಸಲಿಲ್ಲ. ಯಾರೋ ಏನೋ ಕೇಳಿದ್ದಾರೆ ಎಂದು ಎಲ್ಲರ ತುಟಿ ನೋಡುತ್ತಿದ್ದ. ಈಗ ಒಬ್ಬರು ಬೆರಳು ತೋರಿಸಿದರೆ ಸಾಕು, ನಾಳೆಯಿಂದ ಮಾಮಾನ ಉಳಿ ಗೋಡೆಯ ಗೂಟಕ್ಕೆ.

ಚಾಚಾ ಬಹಳ ಮೆಲ್ಲಗೆ, ಬಹಳ ಮರ್ಯಾದೆಯಿಂದ ಅಂದ: "ಮಾಸ್ತರ, ತಪ್ಪ ತಿಳಿಬ್ಯಾಡ್ರಿ, ನಿಮ್ಮ ಪೇಟಿ ಬಿಸಲಿಗೆ ಒಣಗ್ಯಾದ ಅನಸ್ತದ."

ಮಾಸ್ತರರಿಗೆ ತಾನು ಸರಿಯಾಗಿ ಕೇಳಿದೆನೋ ಇಲ್ಲವೋ ಎಂದು ಅನುಮಾನ ಬಂತು. "ನಂದ?"

"ಹಿಂಗ ಆಗ್ತಿರ್ತದ" ಎಂದರು ವಸಂತರಾಯರು, ರಜಾ ಅರ್ಜಿಗೆ ಶಿಫಾರಸು ಮಾಡುವ ಧ್ವನಿಯಲ್ಲಿ. "ನಾಲ್ಕ ವಾದ್ಯ ಒಂದ ಥರ ಅವ, ಒಂದು ಬ್ಯಾರೆ ಅದ. ನೀವ ವಿಚಾರ ಮಾಡ್ರಿ."

"ಆಗಲ್ರಿ" ಎಂದ ನಿಂಗಣ್ಣ.

ಅಷ್ಟರಲ್ಲಿ ಪೇಟಿಯ ಕಡೆ ಕೈ ತೋರಿಸಿದ್ದನ್ನು ಕಂಡು ಮಾಮಾನಿಗೆ ವಿಷಯ ತಿಳಿಯಿತು, ಅಂದರೆ ತಪ್ಪು ತಿಳಿಯಿತು. ಪರರ ವಾದ್ಯಕ್ಕೆ ಕಷ್ಟ ಬಂದರೆ ಅವನು ಸುಮ್ಮನೆ ಕೂಡುವವನೇ? ಹ್ರೂಂ, ಹ್ರೂಂ ಎಂದು ಎದ್ದು, ಅಂಗಿಯ ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು, "ತರ್ರಿ ಮಾಸ್ತರ, ಬಿಚ್ಚಿ ನೋಡೂಣು, ಸಂಕೋಚ ಬ್ಯಾಡ" ಎಂದು ಪೇಟಿಯ ಮೇಲೆ ಕೈಯಿಟ್ಟ. ಮಾಸ್ತರರು ಅದನ್ನು ಎದೆಗವಚಿಕೊಂಡು ಹಿಂದೆ ಸರಿದರು. ಮಾಮಾ ಪ್ರೀತಿಯಿಂದ ಎಳೆದ. ಅದು ಕುಂಯ್ ಎಂದಿತು.

ಆಗ ಮಾಸ್ತರರ ಕಣ್ಣು ಬಾಗಿಲಲ್ಲಿ ನಿಂತಿದ್ದ ನನ್ನ ಮೇಲೆ ಬಿತ್ತು. "ಈ ಹುಡುಗನ ಬಾಯಾಗ ಸ್ವರ ಅದ, ಹೊರಗ ಕೇಳೀನಿ. ಬಾ ಇಲ್ಲಿ. ಖರೇ ಹೇಳು, ಪೇಟಿ ಸರಿ ಅದನೋ, ಬೆಂಜೋ ಸರಿ ಅವನೋ?"

ಇಡೀ ಮನೆ ನನ್ನನ್ನು ನೋಡಿತು. ಮಾಮಾ ಕೂಡ, ನನ್ನ ತುಟಿಯನ್ನೇ. ಎಷ್ಟು ಗುರುವಾರಗಳ ಸಿಟ್ಟು ನನ್ನ ನಾಲಗೆಯ ತುದಿಗೆ ಬಂದು ನಿಂತಿತ್ತು ಗೊತ್ತೇ? ಚಾಚಾ ನನ್ನ ಕಡೆ ನೋಡದೆ ತನ್ನ ಬೆಂಜೋದ ಮೇಲಿನ ಇಲ್ಲದ ಧೂಳು ಒರೆಸುತ್ತಿದ್ದ. ನಾನು ಮಾಸ್ತರರ ಹಾಗೆ ಹೊಟ್ಟೆ ಮುಂದೆ ಮಾಡಿ, ಮೂಗಿನ ಹೊಳ್ಳೆ ಅಗಲಿಸಿ, ಅವರದೇ ಧ್ವನಿಯಲ್ಲಿ, "ಯಾರ್ರೀ ಇದರ ಸೂರ ಕೂಡಿಸಿದವರು" ಎಂದೆ. ಹುಡುಗರು ನಕ್ಕರು, ಹೆಂಗಸರು ನಕ್ಕರು, ವ್ಯಾಪಾರಿಯೂ ನಕ್ಕ. ಏನೆಂದು ತಿಳಿಯದೆ ಮಾಮಾ ಎಲ್ಲರಿಗಿಂತ ಜೋರಾಗಿ ನಕ್ಕ. ಮಾಸ್ತರರು ಪೇಟಿಯನ್ನು ಪೆಟ್ಟಿಗೆಗೆ ಹಾಕಿ, ಸಜ್ಜಕವನ್ನೂ ಮುಟ್ಟದೆ ಯಾದಗಿರಿಯ ಬಸ್ಸು ಹತ್ತಿದರು.

ಅಲ್ಲಿಗೆ ನಮ್ಮವರ ಕಥೆ ಹೊರಗಿನ ಲೋಕಕ್ಕೆ ಮುಗಿಯಿತು. ಮಾಸ್ತರರು ಹೋದಲ್ಲೆಲ್ಲ ಹೇಳಿದರು, ಹೇಳಬೇಕಾದದ್ದೇ. ಭಜನೆಗಳಿಗೆ ಕರೆ ನಿಂತವು, ಉರುಸಿಗೆ ಚಾಚಾನನ್ನು ಕರೆಯುತ್ತಿದ್ದವರು ಬೇರೆಯವರನ್ನು ನೋಡಿಕೊಂಡರು, ಕಲಿಯಲು ಬರುತ್ತಿದ್ದ ಒಬ್ಬಿಬ್ಬರು ಹುಡುಗರು ಬಿಟ್ಟರು. ಚಾಚಾ ಬೇರೆ ಕಡೆ ಹೋಗಿ ಸರಿಯಾದ ಬೆಂಜೋ ಬಾರಿಸಬಹುದಿತ್ತು, ಅವನಂಥ ಕೈ ಈ ಸೀಮೆಯಲ್ಲಿರಲಿಲ್ಲ. ಬಾರಿಸಲಿಲ್ಲ. ನಾಲ್ವರೂ ನಮ್ಮ ಪಡಸಾಲಿಗೆ ಸರಿದು, ಗುರುವಾರ ಗುರುವಾರ, ತಮಗಾಗಿ ತಾವೇ, ಅದೇ ದುಂಡನೆಯ ತಪ್ಪನ್ನು ಕೂಡಿಸಿಕೊಂಡು ಬಾರಿಸಿದರು. ಮಾಮಾನಿಗೆ ಕರೆ ಯಾಕೆ ನಿಂತವೆಂದು ತಿಳಿಯಲೇ ಇಲ್ಲ. "ಈಗಿನ ಮಂದಿಗಿ ಕಿವಿ ಇಲ್ಲಪಾ" ಎಂದು ಮರುಗುತ್ತಿದ್ದ. ಮೂವರೂ ಹೌದೆಂದು ತಲೆಯಾಡಿಸುತ್ತಿದ್ದರು. ನಾನು ಎದ್ದು ಹಿತ್ತಲಿಗೆ ಹೋಗಿ ಬರುತ್ತಿದ್ದೆ.

ನಿಮ್ಮ ಮನೆಯಲ್ಲೂ ಇಂಥವರು ಇದ್ದಿರಬೇಕು, ಇದ್ದಾಗ ತಲೆ ತಿಂದು, ಹೋದ ಮೇಲೆ ಆ ತಲೆಯಲ್ಲೇ ಮನೆ ಮಾಡಿದವರು. ಸಾಲಿ ಮುಗಿಸಿ ನಾನು ಯಾದಗಿರಿಗೆ ಬಂದೆ, ಮೈಕಿನ ಕೆಲಸ ಹಿಡಿದೆ. ಮಾಮಾ ಕೊನೆಯ ದಿನದವರೆಗೂ ಉಳಿ ಕೆಳಗಿಡಲಿಲ್ಲ. ಹಿಂದಿನ ಸಂಜೆ ಕೂಡ ಒಂದು ಹಲಗೆಗೆ ಪಾಲಿಶು ಕೊಟ್ಟು ಒಣಗಲು ಇಟ್ಟಿದ್ದನಂತೆ. ಮುಂಜಾನೆ ಅತ್ತಿ ಸುತ್ತು ಹಾಕಿ ಮುಂದೆ ಬಂದು ಮುಖ ತೋರಿಸಿದಳು, ಅವನು ಏಳಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲಿನ ಗುರುವಾರ ಮೂವರೂ ಬಂದರು. ಅತ್ತಿಯನ್ನು ದೇವಾಪುರಕ್ಕೆ ಕರೆದೊಯ್ಯಲು ನಾನು ಬಂದಿದ್ದೆ. ಸಾಮಾನು ಗಂಟು ಕಟ್ಟಿಯಾಗಿತ್ತು. ಅವರನ್ನು ಕಂಡು ಅತ್ತಿ ಜಮಖಾನಿಯ ಗಂಟು ಬಿಚ್ಚಿ ಹಾಸಿದಳು. ಮಾಮಾನ ಜಾಗ ಬಿಟ್ಟು ಕುಳಿತರು. ಚಾಚಾ ಬೆಂಜೋ ತೊಡೆಯ ಮೇಲಿಟ್ಟುಕೊಂಡ. ಕೂಡಿಸುವವನಿಲ್ಲ, ತಾನು ಕೂಡಿಸಿಕೊಳ್ಳುವಂತಿಲ್ಲ. ಕೊನೆಗೆ ಅದನ್ನು ನನ್ನ ಕಡೆ ಚಾಚಿದ. ನಾನು ಮಾಮಾನ ಜಾಗದಲ್ಲಿ ಕುಳಿತು, ಫೋನು ತೆಗೆದು, ಸ್ವರ ತೋರಿಸುವ ಆ್ಯಪ್ ಹಚ್ಚಿ, ಒಂದೊಂದು ತಂತಿಗೂ ಹಸಿರು ದೀಪ ಬರುವಂತೆ ಬಿಗಿದೆ. ಸರಸರ ಆಯಿತು. ಅದರಿಂದ ನಿಂಗಣ್ಣನದು, ಅದರಿಂದ ವಸಂತರಾಯರದು. ಬಾರಿಸಿದರು. ನನ್ನ ಬಾಲ್ಯದಲ್ಲೆಲ್ಲ ನಾನು ಹಾತೊರೆದಿದ್ದ ಹಾಗೆ, ಒಂದು ಕೂದಲೆಳೆ ಅತ್ತಿತ್ತ ಇಲ್ಲದೆ. ಒಂದು ಪದದ ಅರ್ಧಕ್ಕೆ ಒಬ್ಬೊಬ್ಬರಾಗಿ ನಿಲ್ಲಿಸಿದರು.

"ಚಲೋ ಅದ" ಎಂದರು ವಸಂತರಾಯರು, ಖಾನಾವಳಿಯ ಊಟಕ್ಕೆ ಹೇಳುವ ಹಾಗೆ.

ಚಾಚಾ ನನ್ನ ಕಡೆ ತಿರುಗಿದ. "ನೀ ಎಲ್ಲಾರ ನಕಲಿ ಮಾಡ್ತಿ ಬೇಟಾ. ಅವ ಹ್ಯಾಂಗ ಕೂಡಸ್ತಿದ್ದ, ಹಂಗ ಕೂಡಸು."

ಇದೇನು ದೊಡ್ಡದು ಅಂದುಕೊಂಡೆ. ಹ್ರೂಂ, ಹ್ರೂಂ ಎಂದೆ. ಅಡುಗೆಮನೆಯ ಬಾಗಿಲಲ್ಲಿ ಅತ್ತಿ ಸೆರಗು ಬಾಯಿಗೊತ್ತಿ ನಕ್ಕು, ಆಮೇಲೆ ಗೋಡೆಯ ಕಡೆ ಮುಖ ಮಾಡಿದಳು. ಕಣ್ಣು ಮುಚ್ಚಿದೆ, ಗದ್ದವನ್ನು ಕಟ್ಟಿಗೆಗೆ ಹಚ್ಚಿದೆ, ನಾಲಗೆಯ ತುದಿ ತುಟಿಯಂಚಿಗೆ ತಂದೆ, ಕಿರುಬೆರಳು ಎತ್ತಿ ತಂತಿ ಬಿಗಿಯುವ ಬಿರಡೆ ತಿರುಗಿಸಿದೆ. ಎಲ್ಲ ಥೇಟ್ ಅವನದೇ. ತಂತಿ ಮಾತ್ರ ಎಲ್ಲಿ ನಿಲ್ಲಬೇಕು? ತುಸು ಇಳಿಸಿದೆ, ಬರೇ ಕೆಟ್ಟದಾಗಿ ಕೇಳಿತು. ಏರಿಸಿದೆ, ಬೇರೆ ರೀತಿ ಕೆಟ್ಟಿತು. ಅವನ ತಪ್ಪು ನನಗೆ ಬಾಯಿಪಾಠ ಎಂದುಕೊಂಡಿದ್ದೆ. ಆದರೆ ಕೇಳಿಸದವನು ಗದ್ದದ ನಡುಕ ನಂಬಿ ತಲುಪಿದ ಜಾಗ ಅದು, ಒಂದು ಗುರುವಾರ ಇದ್ದಲ್ಲಿ ಇನ್ನೊಂದು ಗುರುವಾರ ಇರುತ್ತಿರಲಿಲ್ಲ. ಅದನ್ನು ಅವನ ಹಿಂದೆಯೇ ಹೋಗಿ ಹಿಡಿಯಬೇಕಿತ್ತು, ಈ ಮೂವರು ಹಿಡಿಯುತ್ತಿದ್ದ ಹಾಗೆ. ನಾನು ಆಗ ತಲೆದಿಂಬು ಒತ್ತಿಕೊಂಡು ಮಲಗಿರುತ್ತಿದ್ದೆ. ಕೊನೆಗೊಂದು ಕಡೆ ನಿಲ್ಲಿಸಿ ಬೆಂಜೋ ಕೊಟ್ಟೆ.

ಚಾಚಾ ಎರಡೂ ಕೈಯಿಂದ ತಗೊಂಡು ಒಮ್ಮೆ ಮೀಟಿದ. ದನಿ ಪೂರ್ತಿ ಆರುವತನಕ ಕಾದ.

"ಅಲ್ಲ ಬೇಟಾ" ಅಂದ. "ಇದಲ್ಲ."

ಆ ಪಡಸಾಲಿಯಲ್ಲಿ ಯಾರಾದರೂ ಯಾರಿಗಾದರೂ ಈ ಮಾತು ಹೇಳಲಿ ಎಂದು ನಾನು ಎಷ್ಟು ವರ್ಷ ಹಲ್ಲು ಕಡಿದಿದ್ದೆನೋ. ಹೇಳಿದರು, ನನಗೆ ಹೇಳಿದರು. ನಾನು ಬೆಂಜೋವನ್ನು ಮತ್ತೆ ತೊಡೆಯ ಮೇಲೆ ತಗೊಂಡು ಬಿರಡೆಗೆ ಕೈ ಹಚ್ಚಿದೆ. ಮೂವರೂ ಕೈ ಕಟ್ಟಿಕೊಂಡು ಕಾದರು. ಶಹಾಪುರದ ಬಸ್ಸಿನ ಹೊತ್ತು ಆಯಿತು, ಹೋಯಿತು. ಅವಸರ ಮಾಡು ಎಂದು ಒಬ್ಬರೂ ಅನ್ನಲಿಲ್ಲ.